ಓದುಗರ ಪ್ರಶ್ನೆ: ಕೋರ್ಟು ಉಳಿಸಿದ ವಿಮೆ ಎಲ್ಲರಿಗೂ ಯಾಕೆ ಸಿಗಲಿಲ್ಲ?

ಪ್ರಶ್ನೆ: ಮೇಡಂ, 2012ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಬಾಮಾ ಅವರ ಆರೋಗ್ಯ ವಿಮೆ ಕಾನೂನನ್ನು ಎತ್ತಿಹಿಡಿಯಿತು. ಅದೇ ವರ್ಷ ಚುನಾವಣೆಯೂ ಇತ್ತು. ತೀರ್ಪಿನ ಲಾಭ ಯಾರಿಗಾಯಿತು? (ದಾವಣಗೆರೆಯ ಓದುಗರು)

ಉತ್ತರ: ಮೊದಲ ದಿನ ಒಬಾಮಾ ಅವರಿಗೂ ಆಯಿತು, ಅವರ ಎದುರಾಳಿಗೂ ಆಯಿತು. ಜೂನ್ 28ಕ್ಕೆ ಬಂದ ತೀರ್ಪು 5-4. ಕಾನೂನನ್ನು ಉಳಿಸಿದ್ದು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್, ರಿಪಬ್ಲಿಕನ್ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ನೇಮಿಸಿದವರು. ವಿಮೆ ಮಾಡಿಸದವರು ಕಟ್ಟಬೇಕಾದ ದಂಡವನ್ನು ತೆರಿಗೆ ಅಂತ ನೋಡಬಹುದು, ತೆರಿಗೆ ಹಾಕುವ ಅಧಿಕಾರ ಕೇಂದ್ರಕ್ಕಿದೆ ಎಂದರು. ವಿರೋಧಿಗಳು ಆ ‘ತೆರಿಗೆ’ ಎಂಬ ಮಾತನ್ನೇ ಹಿಡಿದುಕೊಂಡರು. ಒಬಾಮಾ ಎದುರು ನಿಂತಿದ್ದ ರಿಪಬ್ಲಿಕನ್ ಮಿಟ್ ರಾಮ್ನಿ ಅವರಿಗೆ ಒಂದೇ ದಿನದಲ್ಲಿ 40 ಲಕ್ಷ ಡಾಲರ್‌ಗೂ ಜಾಸ್ತಿ ದೇಣಿಗೆ ಬಂತು. ಆದರೆ 2006ರಲ್ಲಿ ಮ್ಯಾಸಚೂಸೆಟ್ಸ್ ಗವರ್ನರ್ ಆಗಿದ್ದಾಗ ಇಂಥದ್ದೇ ಕಾನೂನಿಗೆ ಸಹಿ ಹಾಕಿದ್ದು ಅವರೇ ಅಲ್ವಾ? ಹಾಗಾಗಿ ಆ ವಾದ ಅವರ ಬಾಯಲ್ಲಿ ಗಟ್ಟಿಯಾಗಿ ನಿಲ್ಲಲಿಲ್ಲ. ನವೆಂಬರ್‌ನಲ್ಲಿ ಒಬಾಮಾ ಗೆದ್ದರು.

ಪ್ರಶ್ನೆ: ನನ್ನ ತಂಗಿ ಮಗಳು ನಾರ್ತ್ ಕ್ಯಾರೊಲೈನಾದಲ್ಲಿದ್ದಾಳೆ. ದುಡಿಯುವ ಬಡವರಿಗೆ ಅಲ್ಲಿ ಸರ್ಕಾರಿ ವಿಮೆ ಸಿಕ್ಕಿದ್ದೇ 2023ರಲ್ಲಿ ಅಂತಾಳೆ. ಕೋರ್ಟು ಸರಿ ಅಂದ ಮೇಲೂ ಹನ್ನೊಂದು ವರ್ಷ ಯಾಕಾಯಿತು? ನೀವು ಅಲ್ಲೇ ಕೆಲಸ ಮಾಡಿದವರು, ಬಿಡಿಸಿ ಹೇಳಿ. (ಹಾಸನದ ಓದುಗರು)

ಉತ್ತರ: ನಿಮ್ಮ ತಂಗಿ ಮಗಳು ಹೇಳಿದ್ದು ನಿಜ. ಆ ತೀರ್ಪಿನಲ್ಲಿ ಎರಡು ಭಾಗ ಇತ್ತು. ಟಿವಿಯಲ್ಲಿ ಎಲ್ಲರೂ ಮಾತಾಡಿದ್ದು ಮೊದಲನೆಯದರ, ಅಂದರೆ ಆ ದಂಡದ ಬಗ್ಗೆ. ನಾನು ವರ್ಷಗಟ್ಟಲೆ ಕಣ್ಣಾರೆ ಕಂಡಿದ್ದು ಎರಡನೆಯದನ್ನು.

ಮೆಡಿಕೇಡ್ ಅನ್ನೋದು ಬಡವರಿಗಿರುವ ಸರ್ಕಾರಿ ವಿಮೆ. ಬಡತನ ರೇಖೆಯ ಶೇ. 138ರವರೆಗೆ ಆದಾಯ ಇರುವ, 65 ವರ್ಷದೊಳಗಿನ ಎಲ್ಲ ವಯಸ್ಕರಿಗೂ ಅದನ್ನು ಕೊಡಿ, ಮೊದಲ ಮೂರು ವರ್ಷದ ಪೂರ್ತಿ ಖರ್ಚು ಕೇಂದ್ರದ್ದು ಎಂದಿತ್ತು ಹೊಸ ಕಾನೂನು. ಒಪ್ಪದ ರಾಜ್ಯಕ್ಕೆ ಹಳೆಯ ಮೆಡಿಕೇಡ್ ಹಣವನ್ನೂ ನಿಲ್ಲಿಸಬಹುದಿತ್ತು. ಹಾಗೆ ಹೆದರಿಸುವಂತಿಲ್ಲ ಎಂದು ಒಂಬತ್ತರಲ್ಲಿ ಏಳು ನ್ಯಾಯಮೂರ್ತಿಗಳು ಹೇಳಿದರು. ಅಲ್ಲಿಂದ ಅದು ಆಯಾ ರಾಜ್ಯದ ಇಷ್ಟಕ್ಕೆ ಬಿಟ್ಟ ವಿಷಯವಾಯಿತು. ವಾಷಿಂಗ್ಟನ್‌ನ ಜಗಳ ರಾಜಧಾನಿ ರಾಜಧಾನಿಗೂ ಹರಡಿತು. ನಾರ್ತ್ ಕ್ಯಾರೊಲೈನಾ 2013ರಲ್ಲಿ ಬೇಡ ಎಂದೇ ಕಾನೂನು ಮಾಡಿತು.

ಆಗ ನಾನು ಅದೇ ರಾಜ್ಯದ ಶಾರ್ಲೆಟ್ ನಗರದ ಒಂದು ಸಣ್ಣ ಕ್ಲಿನಿಕ್‌ನಲ್ಲಿ ವಿಮೆ ಅರ್ಜಿ ತುಂಬಿಸುವ ಕೆಲಸದಲ್ಲಿದ್ದೆ. 2014ರ ಜನವರಿಯಲ್ಲಿ ಒಬ್ಬ ಹೆಂಗಸು ಬಂದರು. ಲಾಂಡ್ರಿಯಲ್ಲಿ ಕೆಲಸ, 58 ವರ್ಷ, ಒಬ್ಬರೇ ಇದ್ದರು. ಸಕ್ಕರೆ ಕಾಯಿಲೆ. ತಿಂಗಳ ಮಾತ್ರೆ ಎರಡು ತಿಂಗಳಿಗೆ ಬರಲಿ ಅಂತ ಅರ್ಧರ್ಧ ಮುರಿದು, ಕಾಗದದ ಕರವಸ್ತ್ರದಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡಿದ್ದರು. ವರ್ಷದ ಆದಾಯ 10,800 ಡಾಲರ್. ಒಬ್ಬರಿಗೆ ಬಡತನ ರೇಖೆ 11,490. ವಿಮೆಯ ಕಂತಿಗೆ ಕೇಂದ್ರದ ಸಹಾಯಧನ ಶುರುವಾಗುತ್ತಿದ್ದದ್ದೇ ಆ ರೇಖೆಯಿಂದ ಮೇಲೆ. ಕೆಳಗಿನವರಿಗೆ ಹೇಗೂ ಮೆಡಿಕೇಡ್ ಇರುತ್ತೆ ಅಂದುಕೊಂಡು ಕಾನೂನು ಬರೆದಿದ್ದರು. ಅದು ನಮ್ಮ ರಾಜ್ಯದಲ್ಲಿ ಇರಲಿಲ್ಲ.

ಅಂದರೆ ಇನ್ನೂ 690 ಡಾಲರ್ ದುಡಿದಿದ್ದರೆ ಸಹಾಯ ಸಿಗುತ್ತಿತ್ತು. ಇದನ್ನು ಆಕೆಗೆ ಹೇಳಬೇಕಾದವಳು ನಾನು. ಮೂರು ಸಲ ಲೆಕ್ಕ ಹಾಕಿ ತೋರಿಸಿದೆ. ‘ನಾನು ಜಾಸ್ತಿ ಬಡವಳು ಅಂತ ಕೊಡಲ್ವಾ?’ ಎಂದು ಕೇಳಿದರು. ನನ್ನ ಗಂಟಲು ಕಟ್ಟಿತು.

ರಾಜಕೀಯ ಬದಲಾಗಿದ್ದು ಇಂಥ ಕಡೆಗಳಿಂದಲೇ ಅಂತ ನಾನು ನಂಬಿದ್ದೇನೆ. ಅದೇ ವರ್ಷ ಜುಲೈನಲ್ಲಿ ನಮ್ಮ ರಾಜ್ಯದ ಬೆಲ್‌ಹೇವನ್ ಎಂಬ ಪುಟ್ಟ ಊರಿನ ಆಸ್ಪತ್ರೆ ಮುಚ್ಚಿತು. ಅಲ್ಲಿನ ಮೇಯರ್ ಆಡಮ್ ಓನೀಲ್ ರಿಪಬ್ಲಿಕನ್. ಅವರು 273 ಮೈಲಿ ದೂರದ ವಾಷಿಂಗ್ಟನ್‌ಗೆ ನಡೆದೇ ಹೋದರು. ಮೆಡಿಕೇಡ್ ವಿಸ್ತರಿಸಿ ಎಂದು ತಮ್ಮ ಪಕ್ಷದ ನಿಲುವಿಗೇ ಎದುರು ಮಾತಾಡಿದರು. 2017ರಲ್ಲಿ ಮೇನ್ ರಾಜ್ಯದ ಜನ ನೇರವಾಗಿ ಮತ ಹಾಕಿ ಮೆಡಿಕೇಡ್ ವಿಸ್ತರಣೆಗೆ ಒಪ್ಪಿದರು. ಮರುವರ್ಷ ಐಡಹೋ, ಯೂಟಾ, ನೆಬ್ರಾಸ್ಕಾ. ಮೂರೂ ರಿಪಬ್ಲಿಕನ್ನರ ಗಟ್ಟಿ ನೆಲ. ಪಕ್ಷಕ್ಕೆ ಒಂದು ಮತ, ವಿಮೆಗೆ ಇನ್ನೊಂದು ಮತ ಹಾಕಿದವರು ಅಲ್ಲಿ ಎಷ್ಟೋ ಜನ.

ನಾರ್ತ್ ಕ್ಯಾರೊಲೈನಾದಲ್ಲಿ ಜನರೇ ಹಾಗೆ ಕಾನೂನು ತರುವ ದಾರಿ ಇಲ್ಲ. ಶಾಸಕರ ಮನಸ್ಸು ತಿರುಗುವವರೆಗೂ ಕಾಯಬೇಕಿತ್ತು. 2023ರ ಮಾರ್ಚ್‌ನಲ್ಲಿ ರಿಪಬ್ಲಿಕನ್ ಬಹುಮತದ ಶಾಸನಸಭೆಯೇ ಒಪ್ಪಿತು, ಡೆಮಾಕ್ರಟಿಕ್ ಗವರ್ನರ್ ರಾಯ್ ಕೂಪರ್ ಸಹಿ ಹಾಕಿದರು. ಡಿಸೆಂಬರ್ 1ಕ್ಕೆ ಜಾರಿಗೆ ಬಂತು. ಟೆಕ್ಸಸ್, ಫ್ಲೋರಿಡಾ ಆಗಲೂ ಒಪ್ಪಿರಲಿಲ್ಲ.

ಅಷ್ಟು ಹೊತ್ತಿಗೆ ನಾನು ಮೈಸೂರಿಗೆ ವಾಪಸ್ ಬಂದಿದ್ದೆ. ಸುದ್ದಿ ಓದಿದ ತಕ್ಷಣ ಆ ಲಾಂಡ್ರಿಯ ಹೆಂಗಸಿನ ವಯಸ್ಸನ್ನು ಲೆಕ್ಕ ಹಾಕಿದೆ. 65 ದಾಟಿತ್ತು, ಹಿರಿಯರಿಗಿರುವ ಮೆಡಿಕೇರ್‌ನ ವಯಸ್ಸು. ಈ ವಿಮೆ ಆಕೆಗೆ ಬೇಕಿದ್ದದ್ದು 58ಕ್ಕೆ.