ಭೂಮಿ ಹುಣ್ಣಿಮೆಗೂ ಮಗಳು ಬರಲಿಲ್ಲ, ಸೆಲ್ಲಿಗೆ ದಿನಾ ಊಟ ಹಾಕಲೇಬೇಕಾ?

ಪ್ರಶ್ನೆ: ನಾವು ತೀರ್ಥಹಳ್ಳಿ ಹತ್ತಿರದ ಅಡಿಕೆ ಬೆಳೆಗಾರರು. ಮಗಳು ಬೆಂಗಳೂರಿನ ಲ್ಯಾಬ್ ಒಂದರಲ್ಲಿ ಕಾಂಡಕೋಶದ ಕೆಲಸ ಮಾಡುತ್ತಾಳೆ. ‘ಸೆಲ್ಲಿಗೆ ದಿನಾ ಊಟ ಹಾಕಬೇಕು ಅಪ್ಪಯ್ಯ’ ಎಂದು ಈ ಸಲ ಭೂಮಿ ಹುಣ್ಣಿಮೆಗೂ ಬರಲಿಲ್ಲ. ಒಂದು ದಿನ ಬಿಟ್ಟರೆ ಏನಾಗುತ್ತದೆ? ಅದರಿಂದಲೇ ಹೃದಯದ ಸೆಲ್ ಮಾಡುತ್ತೇವೆ ಅನ್ನುತ್ತಾಳೆ. ಅದು ಹೇಗೆ ಮೇಡಂ?

ಉತ್ತರ: ಮಗಳು ಹೇಳಿದ್ದು ನಿಜ, ಬೇಜಾರು ಮಾಡಿಕೊಳ್ಳಬೇಡಿ.

ಅವಳು ಸಾಕುತ್ತಿರುವುದು ಬಹುಶಃ ಐಪಿಎಸ್ ಎಂಬ ಬಗೆಯ ಕಾಂಡಕೋಶ. ದೊಡ್ಡವರ ಚರ್ಮದ ಅಥವಾ ರಕ್ತದ ಕೋಶವನ್ನು ಭ್ರೂಣದ ಮೊದಲ ದಿನಗಳ ಸ್ಥಿತಿಗೆ ಮರಳಿಸಿದರೆ ಅದು ಸಿಗುತ್ತದೆ. ಜಪಾನಿನ ಶಿನ್ಯಾ ಯಮನಾಕ 2006ರಲ್ಲಿ ಇಲಿಯ ಕೋಶದಲ್ಲಿ, 2007ರಲ್ಲಿ ಮನುಷ್ಯರ ಕೋಶದಲ್ಲಿ ಇದನ್ನು ಮಾಡಿ ತೋರಿಸಿದರು. ನಾಲ್ಕೇ ನಾಲ್ಕು ಜೀನ್ ಸಾಕಾಯಿತು! 2012ರಲ್ಲಿ ನೊಬೆಲ್ ಬಂತು. ಇಂಥ ಕೋಶ ಹೃದಯದ್ದೂ ಆಗಬಲ್ಲದು, ನರದ್ದೂ ಆಗಬಲ್ಲದು.

ಕಷ್ಟ ಇರುವುದು ಅಲ್ಲೇ. ಏನು ಬೇಕಾದರೂ ಆಗಬಲ್ಲ ಕೋಶವನ್ನು ಏನೂ ಆಗಲು ಬಿಡದೆ ಕಾಯಬೇಕು. ಸುಮ್ನೆ ಬಿಟ್ಟರೆ ಅದು ತಾನೇ ಯಾವುದೋ ದಾರಿ ಹಿಡಿಯುತ್ತದೆ. ‘ಇನ್ನೂ ಬೇಡ, ಹೀಗೇ ಇರು’ ಎಂದು ಹೇಳುವ ಪ್ರೋಟೀನುಗಳು ಅದು ಬೆಳೆಯುವ ದ್ರವದಲ್ಲಿ, ಅಂದರೆ ಮೀಡಿಯಾದಲ್ಲಿ, ಯಾವಾಗಲೂ ಇರಬೇಕು. ಅವುಗಳಲ್ಲಿ ಎಫ್‌ಜಿಎಫ್‌2 ಎಂಬುದು ಮುಖ್ಯ. ಆದರೆ ಕೋಶಕ್ಕೆ ಬೇಕಾದ 37 ಡಿಗ್ರಿ ಬಿಸಿಯಲ್ಲಿ ಅದು ತಾಳುವುದಿಲ್ಲ, ಒಂದು ದಿನದೊಳಗೆ ಶಕ್ತಿ ಕಳೆದುಕೊಳ್ಳುತ್ತದೆ. ದಿನಾ ಹೊಸ ಮೀಡಿಯಾ ಹಾಕುವುದು ಹೊಟ್ಟೆ ತುಂಬಿಸುವುದಕ್ಕಿಂತ ಜಾಸ್ತಿ ಇದಕ್ಕಾಗಿ.

ನಾನು ಸಂಶೋಧನೆ ಶುರು ಮಾಡಿದ ವರ್ಷ ಒಂದು ವಾರಾಂತ್ಯ ತಪ್ಪಿಸಿದ್ದೆ. ಸೋಮವಾರ ಮೈಕ್ರೋಸ್ಕೋಪಿನಲ್ಲಿ ನೋಡಿದರೆ, ಒತ್ತಾಗಿ ಕೂತಿದ್ದ ಕೋಶಗಳು ಅಂಚಿನಲ್ಲಿ ಚಪ್ಪಟೆಯಾಗಿ ಹರಡಿಕೊಂಡಿದ್ದವು. ಅವನ್ನು ಮತ್ತೆ ಮೊದಲಿನಂತೆ ಮಾಡಲಾಗಲಿಲ್ಲ. ಅವತ್ತು ಅತ್ತಿದ್ದೆ. ನಾಲ್ಕೈದು ದಿನಕ್ಕೊಮ್ಮೆ ತಟ್ಟೆ ತುಂಬುತ್ತದೆ, ಆಗ ಸಣ್ಣ ಸಣ್ಣ ಗುಂಪಾಗಿ ಬಿಡಿಸಿ ಹೊಸ ತಟ್ಟೆಗೆ ಹಾಕಬೇಕು. ಒಂದೊಂದಾಗಿ ಬಿಡಿಸಿದರೆ ಬಹಳಷ್ಟು ಸಾಯುತ್ತವೆ.

ಇನ್ನು ಹೃದಯದ ವಿಷಯ. ನಿಮಗೆ ಇದು ಬೇಗ ಅರ್ಥವಾಗುತ್ತದೆ. ಅಡಿಕೆ ಹಸಿರಿರುವಾಗ ಕೊಯ್ದು ಸುಲಿದು ಬೇಯಿಸಿದರೆ ಕೆಂಪಡಿಕೆ. ಅದೇ ಮರದಲ್ಲಿ ಹಣ್ಣಾಗಲು ಬಿಟ್ಟು ಒಣಗಿಸಿದರೆ ಚಾಲಿ. ಯಾವಾಗ ಕೈ ಹಾಕಿದಿರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ ಅಲ್ವಾ? ಕೋಶದಲ್ಲೂ ಹಾಗೇ. ವಿಂಟ್ ಎಂಬ ಒಂದು ಸಂಕೇತ ಇದೆ. ಮೊದಲ ಒಂದೆರಡು ದಿನ ಔಷಧಿ ಹಾಕಿ ಅದನ್ನು ಏರಿಸುತ್ತಾರೆ. ಆಗ ಕೋಶವು ಸ್ನಾಯು, ರಕ್ತ, ಹೃದಯ ಹುಟ್ಟುವ ಪದರದ ಕಡೆ ತಿರುಗುತ್ತದೆ. ಮೂರನೇ ದಿನದ ಹೊತ್ತಿಗೆ ಇನ್ನೊಂದು ಔಷಧಿ ಹಾಕಿ ಅದೇ ಸಂಕೇತವನ್ನು ತಗ್ಗಿಸುತ್ತಾರೆ. ಆಗ ಹೃದಯದ ದಾರಿ ತೆರೆಯುತ್ತದೆ. ತಗ್ಗಿಸದೆ ಬಿಟ್ಟರೆ ಹೃದಯ ಸಿಗುವುದಿಲ್ಲ. ಎಲ್ಲ ಸರಿಹೋದರೆ ಎಂಟು-ಹತ್ತು ದಿನಕ್ಕೆ ತಟ್ಟೆಯಲ್ಲಿ ಕೋಶಗಳು ತಾವಾಗಿ ಮಿಡಿಯತೊಡಗುತ್ತವೆ. ಮೊದಲ ಸಲ ಅದನ್ನು ನೋಡಿದಾಗ ನಾನು ಕುರ್ಚಿಯಿಂದ ಏಳಲಿಲ್ಲ, ಎಷ್ಟೋ ಹೊತ್ತು ನೋಡುತ್ತಲೇ ಇದ್ದೆ.

ಹಬ್ಬಕ್ಕೆ ಬರುವ ದಾರಿಯೂ ಇದೆ. ಬಿಸಿಗೆ ಬೇಗ ಕೆಡದ ಎಫ್‌ಜಿಎಫ್‌2 ಇರುವ ಮೀಡಿಯಾ ಈಗ ಸಿಗುತ್ತದೆ, ಅದರಲ್ಲಿ ಎರಡು ದಿನದ ಬಿಡುವು ಸಿಗುತ್ತದೆ. ಇಲ್ಲವೇ ಕೋಶಗಳನ್ನು ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯಲ್ಲಿ ಇಟ್ಟು ಬರಬಹುದು. ಆದರೆ ಹೃದಯದ ದಾರಿಗೆ ಹಚ್ಚಿದ ತಟ್ಟೆಯನ್ನು ಮೊದಲ ವಾರದಲ್ಲಿ ಬಿಟ್ಟು ಬರುವ ಹಾಗಿಲ್ಲ. ಮುಂದಿನ ಭೂಮಿ ಹುಣ್ಣಿಮೆಯ ದಿನಾಂಕವನ್ನು ಅವಳಿಗೆ ಒಂದು ತಿಂಗಳು ಮೊದಲೇ ಹೇಳಿಡಿ. ಆ ವಾರ ಹೊಸ ತಟ್ಟೆ ಶುರು ಮಾಡದೆ ಇರಲಿ.