ಗ್ರಾಫಿಕ್ಸ್ ಕಾರ್ಡ್‌ಗಿಂತ ಸಾಮಾನ್ಯ ಪ್ರೊಸೆಸರ್‌ಗೇ ಅನುಕೂಲವಾಗುವ ಮೈನಿಂಗ್ ಅಲ್ಗಾರಿದಮ್ (ಕ್ರಿಪ್ಟೋ ನಾಣ್ಯ ಗಳಿಸಲು ಕಂಪ್ಯೂಟರ್ ಮಾಡಬೇಕಾದ ಲೆಕ್ಕದ ವಿಧಾನ) ಮಾಡಲು ಆಗುತ್ತದೆಯೇ?
ಆಗುತ್ತದೆ. ಮೊನೆರೊ ಎಂಬ ಕ್ರಿಪ್ಟೋ ನಾಣ್ಯ 2019ರ ನವೆಂಬರ್ 30ರಂದು ಅಳವಡಿಸಿಕೊಂಡ ರ‍್ಯಾಂಡಮ್‌ಎಕ್ಸ್ ಅಂಥದ್ದೇ.

ಗ್ರಾಫಿಕ್ಸ್ ಕಾರ್ಡ್‌ನ ಬಲ ಇರುವುದು ಒಂದೇ ಲೆಕ್ಕವನ್ನು ಸಾವಿರಾರು ಪುಟ್ಟ ಕೋರ್‌ಗಳಲ್ಲಿ ಒಟ್ಟಿಗೆ ಮಾಡುವುದರಲ್ಲಿ. ಹಾಗಾದರೆ ಲೆಕ್ಕವನ್ನೇ ಪ್ರತಿ ಸಲ ಬದಲಿಸಿಬಿಟ್ಟರೆ? ರ‍್ಯಾಂಡಮ್‌ಎಕ್ಸ್ ಮಾಡುವುದು ಅದನ್ನೇ. ಪ್ರತಿ ಹ್ಯಾಶ್‌ಗೂ (ಮೈನಿಂಗ್‌ನ ಒಂದೊಂದು ಪ್ರಯತ್ನದ ಲೆಕ್ಕಕ್ಕೂ) ತಲಾ 256 ಸೂಚನೆಗಳ ಹೊಸ ಪ್ರೋಗ್ರಾಂಗಳನ್ನು ಹುಟ್ಟಿಸಿ, ಒಂದೊಂದನ್ನೂ 2048 ಸಲ ಓಡಿಸುತ್ತದೆ. ಮಧ್ಯೆ ಕವಲುಗಳು, ದಶಾಂಶ ಲೆಕ್ಕಗಳು ಬರುತ್ತವೆ. ಪ್ರೊಸೆಸರ್‌ಗೆ ಇದು ದಿನನಿತ್ಯದ ಕೆಲಸ. ಕಾರ್ಡ್‌ನಲ್ಲಿ ಗುಂಪಾಗಿ ನಡೆಯಬೇಕಾದ ಕೋರ್‌ಗಳು ಸುಮ್ನೆ ಕಾಯುತ್ತಾ ಕೂರುತ್ತವೆ.

ಇನ್ನೊಂದು ಉಪಾಯ ಮೆಮೊರಿ. ಪ್ರತಿ ಥ್ರೆಡ್‌ಗೂ (ಪ್ರೊಸೆಸರ್ ಒಟ್ಟಿಗೆ ನಡೆಸುವ ಕೆಲಸಗಳಲ್ಲಿ ಒಂದೊಂದಕ್ಕೂ) 2 ಎಂಬಿ ವೇಗದ ಜಾಗ ಬೇಕು. ರೈಜೆನ್ 5 3600 ಪ್ರೊಸೆಸರ್‌ನ ಲೆಕ್ಕ ನೋಡಿ: 12 ಥ್ರೆಡ್‌ಗೆ 24 ಎಂಬಿ, ಅದರ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 32 ಎಂಬಿ. ಆರಾಮಾಗಿ ಹಿಡಿಸುತ್ತದೆ, ಅಲ್ವಾ? ಇದಲ್ಲದೆ ರ‍್ಯಾಮ್‌ನಲ್ಲಿ 2 ಜಿಬಿಗಿಂತ ಸ್ವಲ್ಪ ಜಾಸ್ತಿ ಡೇಟಾ ಇರಬೇಕು.

ನನಗೆ ತುಂಬಾ ಇಷ್ಟವಾದ ಜಾಣತನ ಬೇರೆಯೇ ಇದೆ. ಒಂದು ಹ್ಯಾಶ್‌ಗೆ ಒಂದೇ ಪ್ರೋಗ್ರಾಂ ಇದ್ದಿದ್ದರೆ ಕಷ್ಟದ್ದನ್ನು ಬಿಟ್ಟು ಸುಲಭದ್ದನ್ನಷ್ಟೇ ಓಡಿಸುವ ಯಂತ್ರ ಕಟ್ಟಬಹುದಿತ್ತು. ಅದಕ್ಕೇ ಒಂದು ಹ್ಯಾಶ್‌ಗೆ ಎಂಟು ಪ್ರೋಗ್ರಾಂಗಳನ್ನು ಸರಪಳಿಯಂತೆ ಪೋಣಿಸಿದ್ದಾರೆ. ಹಿಂದಿನದು ಮುಗಿಯದೆ ಮುಂದಿನದು ಏನೆಂದು ಗೊತ್ತೇ ಆಗುವುದಿಲ್ಲ.