ಎಐ ಮೊದಲೋ ಸ್ಟ್ಯಾಂಡರ್ಡ್ ಮೊದಲೋ: ಕಾಫಿಗೆ ಕೊಟ್ಟೆ ಕಟ್ಟಲು ಹೇಳಿದ ಬಾಟ್

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ನಿಮ್ಮದು ವಿರಾಜಪೇಟೆ ಕಡೆಯ ಸಣ್ಣ ಕಾಲೇಜು. ಮೂಡಲ್ ಎಂಬ ಆನ್‌ಲೈನ್ ಕಲಿಕೆಯ ತಂತ್ರಾಂಶದಲ್ಲಿ ಮೂರು ವರ್ಷದ ಪಾಠಗಳಿವೆ. ಆಡಳಿತ ಮಂಡಳಿಯವರು ಈ ವರ್ಷ ಎಐ ಹಾಕಿಸಿ ಎನ್ನುತ್ತಿದ್ದಾರೆ. ಇನ್ಯಾರೋ ಬಂದು ಸ್ಕಾರ್ಮ್, ಎಕ್ಸ್‌ಎಪಿಐ ಎಂದು, ಪಾಠ ಮತ್ತು ಕಲಿಕೆಯ ದಾಖಲೆಗಳನ್ನು ಎಲ್ಲರೂ ಒಂದೇ ರೀತಿಯಲ್ಲಿ ಇಡಲು ಮಾಡಿದ ಸ್ಟ್ಯಾಂಡರ್ಡ್‌ಗಳ ಹೆಸರು ಹೇಳಿ ತಲೆ ಕೆಡಿಸಿದ್ದಾರೆ. ಇರುವ ಸ್ವಲ್ಪ ದುಡ್ಡಿನಲ್ಲಿ ಯಾವುದನ್ನು ಮೊದಲು ಹಿಡಿಯಬೇಕು?

ಸ್ಟ್ಯಾಂಡರ್ಡ್ ಮೊದಲು. ಇದನ್ನು ಇಷ್ಟು ಧೈರ್ಯದಿಂದ ಹೇಳಲು ಕಾರಣ, ನಾವು ಉಲ್ಟಾ ಮಾಡಿ ಪೆಟ್ಟು ತಿಂದವರು.

ನಾನು ಗೋಣಿಕೊಪ್ಪಲು ಹತ್ತಿರದ ಒಂದು ಸಣ್ಣ ತರಬೇತಿ ಗುಂಪಿನ ಆನ್‌ಲೈನ್ ಕೋರ್ಸ್‌ಗಳನ್ನು ನೋಡಿಕೊಳ್ಳುತ್ತೇನೆ. ಕಲಿಯುವವರು ಬೆಳೆಗಾರರ ಮನೆಯ ಹುಡುಗರು, ಹುಡುಗಿಯರು, ತೋಟದ ರೈಟರ್‌ಗಳು, ಅಂದರೆ ಲೆಕ್ಕ ಬರೆಯುವವರು. ಕಾಫಿ, ಕಾಳುಮೆಣಸು, ಅಡಿಕೆ, ಮೂರರ ಪಾಠಗಳೂ ಇವೆ. ಎರಡು ವರ್ಷದ ಕೆಳಗೆ ಪಾಠಗಳ ಮೇಲೆ ಒಂದು ಚಾಟ್‌ಬಾಟ್ ಕೂರಿಸಿದೆವು. ಪ್ರಶ್ನೆ ಕೇಳಿದರೆ ನಮ್ಮ ಪಾಠಗಳಲ್ಲೇ ಹುಡುಕಿ, ಸಿಕ್ಕ ಭಾಗವನ್ನು ಓದಿ ಉತ್ತರ ಕೊಡುವ ಬಾಟ್ ಅದು. ಉದ್ಘಾಟನೆಯ ದಿನ ಎಲ್ಲರೂ ಚಪ್ಪಾಳೆ ತಟ್ಟಿದರು.

ಆ ಜುಲೈನಲ್ಲಿ ಒಬ್ಬ ಹುಡುಗ ಕೇಳಿದ, "ಕೊಳೆ ರೋಗ ಬಂದಿದೆ, ಏನು ಮಾಡಬೇಕು?" ಬಾಟ್ ಹೇಳಿತು: ಬೋರ್ಡೋ ದ್ರಾವಣ ಸಿಂಪಡಿಸಿ, ಗೊನೆಗಳಿಗೆ ಕೊಟ್ಟೆ ಕಟ್ಟಿ. ಕೊಟ್ಟೆ ಎಂದರೆ ಅಡಿಕೆ ಗೊನೆಗೆ ಮಳೆ ತಾಗದ ಹಾಗೆ ಕಟ್ಟುವ ಹೊದಿಕೆ. ಹುಡುಗ ಕೇಳಿದ್ದು ಕಾಫಿ ಬಗ್ಗೆ! ಕಾಫಿ ಗಿಡದಲ್ಲಿ ಗೊನೆ ಎಲ್ಲಿಂದ ಬರಬೇಕು? ಒಂದು ವಾರ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಇದೇ ತಮಾಷೆ.

ಆದರೆ ಬಾಟನ್ನು ಬೈದು ಪ್ರಯೋಜನವಿಲ್ಲ. ಅಡಿಕೆಗೂ ಕೊಳೆ ರೋಗ, ಕಾಫಿಗೂ ಕೊಳೆ ರೋಗ. ಹೆಸರು ಒಂದೇ, ರೋಗಾಣು ಬೇರೆ. ಅಡಿಕೆಯದ್ದು ಫೈಟಾಫ್ತೊರಾ, ಕಾಯಿ ಕೊಳೆತು ಉದುರುತ್ತದೆ. ಕಾಫಿಯದ್ದು ಬೇರೆಯೇ ಶಿಲೀಂಧ್ರ. ಎಲೆ ಕಪ್ಪಾಗಿ, ಕಳಚಿದ ಮೇಲೂ ಬೂಸ್ಟಿನ ಎಳೆಯಲ್ಲಿ ನೇತಾಡುತ್ತಿರುತ್ತದೆ. (ಅದರ ವೈಜ್ಞಾನಿಕ ಹೆಸರಿನಲ್ಲೇ "ಕೊಲೆರೋಗ" ಎಂದು ಇದೆ. ನಮ್ಮ ಕನ್ನಡದ ಮಾತನ್ನೇ ವಿಜ್ಞಾನಿಗಳು ಎತ್ತಿಕೊಂಡಿದ್ದಾರೆ.) ನಮ್ಮ ಪಾಠಗಳ ಮೇಲೆ "ಇದು ಯಾವ ಬೆಳೆ" ಎಂದು ಯಂತ್ರ ಓದುವ ರೀತಿಯಲ್ಲಿ ಎಲ್ಲೂ ಬರೆದಿರಲಿಲ್ಲ. ಫೈಲಿನ ಹೆಸರು "ಪಾಠ 7 ಹೊಸದು ಫೈನಲ್". ಅದನ್ನು ನೋಡಿ ಬಾಟ್ ಏನು ತಿಳಿದುಕೊಳ್ಳಬೇಕು, ಹೇಳಿ?

ಇನ್ನೊಂದು ಎಡವಟ್ಟು ಮರಗಸಿಯದ್ದು. ನಮ್ಮಲ್ಲಿ ಮರಗಸಿ ಎಂದರೆ ನೆರಳಿನ ಮರದ ಕೊಂಬೆ ಸವರುವುದು. ಬಾಟ್ ಅದನ್ನು ಕಸಿ ಕಟ್ಟುವುದು ಎಂದುಕೊಂಡು, ಸಿಲ್ವರ್ ಓಕ್‌ಗೆ ಕಸಿ ಕಟ್ಟುವುದು ಹೇಗೆ ಎಂದು ಚೆನ್ನಾಗಿ ವಿವರಿಸಿತು. ಭಾಷೆ ಎಷ್ಟು ನಯವಾಗಿತ್ತು ಎಂದರೆ ಹೊಸಬರು ನಂಬಿಬಿಡುತ್ತಿದ್ದರು.

ಎರಡಕ್ಕೂ ಮದ್ದು ಎಐ ಅಲ್ಲ. ಪಾಠದ ಬಗೆಗಿನ ಮಾಹಿತಿಯನ್ನು, ಅಂದರೆ ಮೆಟಾಡೇಟಾವನ್ನು, ಎಲ್ಲರೂ ಒಂದೇ ರೀತಿಯಲ್ಲಿ ಬರೆಯುವುದು. ಇದಕ್ಕೆ ಐಇಇಇ ಎಂಬ ಎಂಜಿನಿಯರುಗಳ ಸಂಸ್ಥೆಯ ಎಲ್‌ಒಎಂ ಎಂಬ ಸ್ಟ್ಯಾಂಡರ್ಡ್ 2002ರಿಂದಲೇ ಇದೆ. ವಿಷಯ, ಭಾಷೆ, ಯಾರಿಗಾಗಿ, ಎಷ್ಟು ಕಷ್ಟ, ಹಕ್ಕು ಯಾರದು, ಹೀಗೆ ಹತ್ತಾರು ಖಾನೆ. ಎಲ್ಲವನ್ನೂ ತುಂಬಲು ಹೋಗಬೇಡಿ, ಯಾರೂ ತುಂಬುವುದಿಲ್ಲ. ನಾವು ಇಟ್ಟುಕೊಂಡದ್ದು ಐದೇ: ಬೆಳೆ, ವಿಷಯ, ಮಟ್ಟ, ಭಾಷೆ, ತಿದ್ದಿದ ತಾರೀಕು. ಜೊತೆಗೆ ಒಂದು ಪದಪಟ್ಟಿ, ಮರಗಸಿ ಎಂದರೆ ಇದು, ಕಂಬಚಿಗುರು ಎಂದರೆ ಇದು ಎಂದು. ಕೊಡವ ತಕ್ಕ್, ಅರೆಭಾಷೆಯ ಮಾತುಗಳನ್ನೂ ಸೇರಿಸಿದೆವು, ಏಕೆಂದರೆ ಹುಡುಗರು ಕೇಳುವುದು ಕಲಬೆರಕೆ ಭಾಷೆಯಲ್ಲೇ. ಆಮೇಲೆ ಅದೇ ಬಾಟ್, ಅದೇ ಎಐ ಮಾದರಿ, "ಕಾಫಿಗೋ ಅಡಿಕೆಗೋ?" ಎಂದು ತಿರುಗಿ ಕೇಳಲು ಶುರು ಮಾಡಿತು. ಒಂದು ರೂಪಾಯಿಯೂ ಜಾಸ್ತಿ ಖರ್ಚಾಗಲಿಲ್ಲ. ನಾಲ್ಕು ಶನಿವಾರ ಹೋಯಿತು, ಅಷ್ಟೇ.

ಈಗ ನಿಮ್ಮ ಸ್ಕಾರ್ಮ್. ಇದು ಅಮೆರಿಕದ ರಕ್ಷಣಾ ಇಲಾಖೆಯ ಎಡಿಎಲ್ ಯೋಜನೆಯಿಂದ ಬಂದದ್ದು. ಒಂದು ಕಡೆ ಮಾಡಿದ ಪಾಠ ಇನ್ನೊಂದು ಕಡೆಯೂ ಓಡಬೇಕು ಎಂಬುದು ಅವರ ತಲೆನೋವಾಗಿತ್ತು. ಇವತ್ತಿಗೂ ಜಾಸ್ತಿ ಕಾಣಸಿಗುವ 1.2 ಆವೃತ್ತಿ ಹೊರಬಂದದ್ದು 2001ರಲ್ಲಿ. ಪಾಠವೆಲ್ಲ ಒಂದು ಜಿಪ್ ಫೈಲ್, ಒಳಗೆ ಏನೇನಿದೆ ಎಂದು ಹೇಳುವ ಒಂದು ಮ್ಯಾನಿಫೆಸ್ಟ್. ಮೂಡಲ್ ಅದನ್ನು ಹಾಗೇ ತೆಗೆದುಕೊಳ್ಳುತ್ತದೆ.

ಪಾಠ ಸಾಗಿಸಲು ಸ್ಕಾರ್ಮ್ ಒಳ್ಳೆಯದು. ಎಐಗೆ ಊಟ ಹಾಕಲು ಸಾಲದು. ಅದರಲ್ಲಿ ಸಾಮಾನ್ಯವಾಗಿ ದಾಖಲಾಗುವುದು ಮುಗಿಸಿದನೇ, ಪಾಸಾದನೇ, ಎಷ್ಟು ಅಂಕ, ಎಷ್ಟು ಹೊತ್ತು ಎಂಬಷ್ಟೇ. ಒಂದೊಂದು ಪ್ರಶ್ನೆಯ ವಿವರ ಬರೆಯಲು ಜಾಗವಿದೆ, ಆದರೆ 1.2ರಲ್ಲಿ ಅದು ಕಡ್ಡಾಯವಲ್ಲ. ಓದು ಎಲ್ಲಿ ನಿಂತಿತ್ತು ಎಂದು ನೆನಪಿಡುವ ಖಾನೆಗೆ 4096 ಅಕ್ಷರದ ಮಿತಿ. ಬ್ರೌಸರ್‌ನಲ್ಲಿ ತೆರೆದ ಪಾಠ ಇಡೀ ಹೊತ್ತು ಸರ್ವರ್ ಜೊತೆ ಮಾತಾಡುತ್ತಲೇ ಇರಬೇಕು ಎಂಬ ಲೆಕ್ಕದಲ್ಲಿ ಅದನ್ನು ಕಟ್ಟಿದ್ದಾರೆ. ಭಾಗಮಂಡಲದ ಕಡೆ ಜುಲೈನಲ್ಲಿ ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲದಾಗ, ಟವರ್ ಬ್ಯಾಟರಿಯೂ ಸತ್ತಾಗ, ಆ ಲೆಕ್ಕ ತಪ್ಪುತ್ತದೆ ಅಲ್ವಾ?

ಎಕ್ಸ್‌ಎಪಿಐ ಬಂದದ್ದು ಈ ಕೊರತೆ ತುಂಬಲು. 2013ರಲ್ಲಿ ಅದರ 1.0 ಆವೃತ್ತಿ ಬಂತು, 2023ರಲ್ಲಿ ಐಇಇಇ ಸ್ಟ್ಯಾಂಡರ್ಡ್ ಕೂಡ ಆಯಿತು. ಒಳಗಿನ ಯೋಚನೆ ಬಹಳ ಸರಳ, ನಾವು ಶಾಲೆಯಲ್ಲಿ ಕಲಿತ ಕರ್ತೃ, ಕ್ರಿಯೆ, ಕರ್ಮ. "ಇವಳು, ತಪ್ಪು ಉತ್ತರಿಸಿದಳು, ಕಾಂಡ ಕೊರಕ ಹುಳದ ಮೂರನೇ ಪ್ರಶ್ನೆಗೆ." "ಇವನು, ಮತ್ತೆ ನೋಡಿದನು, ವಿಡಿಯೋದ ನಾಲ್ಕನೇ ನಿಮಿಷವನ್ನು." ಇಂಥ ಒಂದೊಂದು ವಾಕ್ಯವೂ ಸಮಯದ ಸಮೇತ ಎಲ್‌ಆರ್‌ಎಸ್ ಎಂಬ ಉಗ್ರಾಣಕ್ಕೆ ಹೋಗುತ್ತದೆ. ನೆಟ್ ಇಲ್ಲದಿದ್ದರೆ ಫೋನಿನಲ್ಲೇ ಕೂಡಿಟ್ಟು ಆಮೇಲೆ ಕಳಿಸುವ ಹಾಗೆ ಆ್ಯಪ್ ಮಾಡಬಹುದು.

ಎಐ ಕೆಲಸಕ್ಕೆ ಬರುವುದು ಇಲ್ಲಿಂದ ಮುಂದೆ. ಎಐ ಎಂದ ಕೂಡಲೇ ಎಲ್ಲರೂ ಚಾಟ್‌ಬಾಟ್ ಎಂದುಕೊಳ್ಳುತ್ತಾರೆ. ಕಲಿಕೆಯಲ್ಲಿ ಅದಕ್ಕಿಂತ ಹಳೆಯ, ನನ್ನ ಮಟ್ಟಿಗೆ ಅದಕ್ಕಿಂತ ಉಪಯೋಗದ ಒಂದು ವಿಧಾನವಿದೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಆಲ್ಬರ್ಟ್ ಕಾರ್ಬೆಟ್ ಮತ್ತು ಜಾನ್ ಆಂಡರ್ಸನ್ 1990ರ ದಶಕದಲ್ಲಿ ಮಾಡಿದ್ದು. ಒಂದು ವಿಷಯದ ಮೇಲೆ ವಿದ್ಯಾರ್ಥಿ ಸಾಲಾಗಿ ಕೊಟ್ಟ ಸರಿ ತಪ್ಪುಗಳನ್ನು ನೋಡಿ, ಅವನಿಗೆ ಅದು ನಿಜಕ್ಕೂ ಬರುತ್ತದೆಯೇ ಎಂದು ಅಂದಾಜು ಮಾಡುವುದು. ನಾಲ್ಕೇ ಸಂಖ್ಯೆಗಳು: ಮೊದಲೇ ಗೊತ್ತಿದ್ದ ಸಾಧ್ಯತೆ, ಒಂದು ಸಲ ಅಭ್ಯಾಸ ಮಾಡಿದಾಗ ಕಲಿಯುವ ಸಾಧ್ಯತೆ, ಗೊತ್ತಿಲ್ಲದೆ ಊಹಿಸಿ ಸರಿ ಮಾಡುವ ಸಾಧ್ಯತೆ, ಗೊತ್ತಿದ್ದೂ ಕೈತಪ್ಪುವ ಸಾಧ್ಯತೆ. ನಾಲ್ಕು ಆಯ್ಕೆಯ ಪ್ರಶ್ನೆಯಲ್ಲಿ ಕಣ್ಣು ಮುಚ್ಚಿ ಒತ್ತಿದರೂ ನಾಲ್ಕರಲ್ಲಿ ಒಂದು ಸಲ ಸರಿಯಾಗುತ್ತದಲ್ಲ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ದೊಡ್ಡ ಕಂಪ್ಯೂಟರ್ ಬೇಡ, ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲೇ ಓಡುತ್ತದೆ. ಆದರೆ ಅದಕ್ಕೆ ಬೇಕಾದದ್ದು ಪ್ರಶ್ನೆ ಪ್ರಶ್ನೆಯ ಸರಿ ತಪ್ಪು, ಆಯಾ ಪ್ರಶ್ನೆ ಯಾವ ವಿಷಯಕ್ಕೆ ಸೇರಿದ್ದು ಎಂಬ ಗುರುತು. "ಪಾಸ್, 62" ಎಂಬ ಒಂದು ಸಾಲು ಇಟ್ಟುಕೊಂಡು ಯಾವ ಎಐ ಕೂಡ ಏನೂ ಮಾಡಲಾರದು.

ನಮಗೆ ಇದರಿಂದ ಸಿಕ್ಕ ಒಂದು ಫಲ ಹೇಳುತ್ತೇನೆ. ಬಿಳಿ ಕಾಂಡ ಕೊರಕದ ಪಾಠದಲ್ಲಿ ಹೆಚ್ಚಿನವರು ಒಂದೇ ಪ್ರಶ್ನೆಯಲ್ಲಿ ಬೀಳುತ್ತಿದ್ದರು. ಕಲಿಯುವವರು ದಡ್ಡರು ಎಂದುಕೊಂಡಿದ್ದೆವು. ದಾಖಲೆ ತೆಗೆದು ನೋಡಿದರೆ, ಬಿದ್ದವರಲ್ಲಿ ಬಹಳ ಜನ ಉಳಿದ ಪ್ರಶ್ನೆಗಳಲ್ಲಿ ಗಟ್ಟಿ. ಪ್ರಶ್ನೆಯೇ ಕೆಟ್ಟದಾಗಿತ್ತು, ಎರಡು ಉತ್ತರಗಳು ಸರಿಯಾಗುವ ಹಾಗಿತ್ತು. ಬರೆದದ್ದು ನಾನೇ.

ನುಡಿ ಫಾಂಟಿನ ವಿಷಯವನ್ನು ಯಾರೂ ನಿಮಗೆ ಹೇಳುವುದಿಲ್ಲ, ಆದ್ದರಿಂದ ನಾನು ಹೇಳುತ್ತೇನೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಪಾಠ ನಮ್ಮ ಕಣ್ಣಿಗೆ ಕನ್ನಡ. ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಮೇಲೆ ಕನ್ನಡದ ಮುಖವಾಡ. ಎಐಗೆ ಅದು ಬರೀ ಕಸ. ಎಲ್ಲ ಕಂಪ್ಯೂಟರ್‌ಗಳೂ ಕನ್ನಡವೆಂದೇ ಓದುವ ಯೂನಿಕೋಡ್ ಸಂಕೇತಕ್ಕೆ ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ, ಆದರೆ ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವೊತ್ತು ಒಮ್ಮೆ ಕಣ್ಣಾಡಿಸಿ. ಎಲ್ಲ ಸ್ಟ್ಯಾಂಡರ್ಡ್‌ಗಳಿಗೂ ತಾಯಿ ಎಂದರೆ ಯೂನಿಕೋಡ್. ನಿಮ್ಮ ಕಾಲೇಜಿನಲ್ಲಿ ಕನ್ನಡ ವಿಭಾಗದವರ ನೋಟ್ಸ್ ಮೊದಲು ನೋಡಿ, ಅಲ್ಲೇ ಜಾಸ್ತಿ ಸಿಗುತ್ತದೆ ಎಂದು ನನ್ನ ಊಹೆ.

ಬೇರೆ ಕಂಪನಿಯ ಎಐ ಉಪಕರಣ ಕೊಳ್ಳುವುದಾದರೆ ಹೊರಗಿನ ಉಪಕರಣವನ್ನು ಮೂಡಲ್‌ಗೆ ಜೋಡಿಸುವ ಎಲ್‌ಟಿಐ 1.3 ಎಂಬ ಸ್ಟ್ಯಾಂಡರ್ಡ್‌ನ ಬೆಂಬಲ ಇದೆಯೇ ಎಂದು ಕೇಳಿ. ಇದ್ದರೆ ವಿದ್ಯಾರ್ಥಿ ಮೂಡಲ್‌ನಿಂದಲೇ ಒಳಗೆ ಹೋಗುತ್ತಾನೆ, ಅಂಕ ಮೂಡಲ್‌ಗೇ ವಾಪಸ್ ಬರುತ್ತದೆ, ಇನ್ನೊಂದು ಪಾಸ್‌ವರ್ಡ್ ಬೇಡ. ಹಾಗೇ "ನಾವು ಬಿಟ್ಟು ಹೋದರೆ ಪಾಠ, ಪ್ರಶ್ನೆ, ದಾಖಲೆ ಯಾವ ರೂಪದಲ್ಲಿ ಕೊಡುತ್ತೀರಿ?" ಎಂದು ಬರವಣಿಗೆಯಲ್ಲೇ ಕೇಳಿ. ಮೂಡಲ್‌ಗೆ ಬರುವ ಮೊದಲು ನಾವು ಬಳಸುತ್ತಿದ್ದ ಆ್ಯಪ್‌ನವರು ನಮ್ಮ 600 ಪ್ರಶ್ನೆಗಳನ್ನು ಪಿಡಿಎಫ್ ಮಾಡಿ ಕೈಗೆ ಕೊಟ್ಟರು. ಮತ್ತೆ ಟೈಪ್ ಮಾಡಿದ್ದು ನಾವೇ. ಪ್ರಶ್ನೆಗಳಿಗೆ ಕ್ಯೂಟಿಐ ಎಂಬ ಸ್ಟ್ಯಾಂಡರ್ಡ್ ಇದೆ ಎಂದು ಆಗ ಗೊತ್ತಿದ್ದರೆ ಆ ಬೇಸಿಗೆ ಉಳಿಯುತ್ತಿತ್ತು.

ನಿಮ್ಮಲ್ಲಿ ಪಿಯು ಮಕ್ಕಳೂ ಇದ್ದರೆ ಇನ್ನೊಂದು ಮಾತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರು ಮಕ್ಕಳು. ಅವರ ದಾಖಲೆಯನ್ನು ಹೊರಗಿನ ಎಐ ಸೇವೆಗೆ ಕಳಿಸುವ ಮುಂಚೆ ಪೋಷಕರ ಒಪ್ಪಿಗೆಯ ವಿಷಯವನ್ನು ತಿಳಿದವರ ಹತ್ತಿರ ಕೇಳಿಕೊಳ್ಳಿ. ನಾವಂತೂ ಹೆಸರು, ಫೋನ್ ನಂಬರ್ ಹೊರಗೆ ಕಳಿಸುವುದೇ ಇಲ್ಲ, ಬರೀ ಒಂದು ಸಂಖ್ಯೆ ಹೋಗುತ್ತದೆ.

ಆಡಳಿತ ಮಂಡಳಿಗೆ ಏನು ಹೇಳುವುದು? ಸುಮ್ನೆ ಇಲ್ಲ ಎಂದರೆ ಅವರು ಕೇಳುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಬಂದ ಮೂಡಲ್ 4.5ರಿಂದ ಎಐ ಜೋಡಿಸುವ ವ್ಯವಸ್ಥೆ ಒಳಗೇ ಇದೆ, ಆವೃತ್ತಿ ಏರಿಸಿದರೆ "ಎಐ ಇದೆ" ಎಂದು ತೋರಿಸಬಹುದು. ಪಾಠದ ಸಾರಾಂಶ ಕೊಡುವುದು, ಚಿತ್ರ, ಪಠ್ಯ ತಯಾರಿಸುವುದು, ಇಷ್ಟು ಮಾಡುತ್ತದೆ. ಕನ್ನಡದಲ್ಲಿ ಒಂದೇ ಮಾತಿಗೆ ಇಂಗ್ಲಿಷ್‌ಗಿಂತ ಜಾಸ್ತಿ ಟೋಕನ್ (ಎಐ ಮಾತನ್ನು ಒಡೆದು ಲೆಕ್ಕ ಹಾಕುವ ತುಣುಕು) ಹೋಗುವುದರಿಂದ ಬಿಲ್ ಸ್ವಲ್ಪ ನೋಡಿಕೊಳ್ಳಿ. ಅವರು ಅದನ್ನು ನೋಡಿ ಖುಷಿಪಡುತ್ತಿರುವಾಗ ನೀವು ಒಂದೇ ಒಂದು ಕೋರ್ಸ್ ಹಿಡಿಯಿರಿ. ಯೂನಿಕೋಡ್ ಮಾಡಿ, ಐದು ಖಾನೆ ತುಂಬಿ, ಕ್ವಿಜ್‌ನ ಪ್ರತಿ ಪ್ರಶ್ನೆಗೆ ವಿಷಯದ ಟ್ಯಾಗ್ ಹಾಕಿ. ಕೆಲವು ಪಾಠಗಳನ್ನು ಎಚ್‌5ಪಿಯಲ್ಲಿ, ಅಂದರೆ ಒತ್ತಿ ಉತ್ತರಿಸುವಂಥ ಪಾಠ ಮಾಡುವ ಉಪಕರಣದಲ್ಲಿ, ಮಾಡಿ. ಮೂಡಲ್‌ನಲ್ಲೇ ಇದೆ, ಎಕ್ಸ್‌ಎಪಿಐ ವಾಕ್ಯಗಳನ್ನು ತಾನೇ ಹೊರಡಿಸುತ್ತದೆ. ಮೊಬೈಲ್ ಆ್ಯಪ್‌ನಲ್ಲಿ ಕ್ವಿಜ್ ಆಫ್‌ಲೈನ್ ಮಾಡುವ ಆಯ್ಕೆಯನ್ನು ಮಳೆಗಾಲಕ್ಕೆ ಮುಂಚೆ ಆನ್ ಮಾಡಿಡಿ.

ನಿಮ್ಮ ಪಾಠಗಳು ಸ್ಕಾರ್ಮ್ ಜಿಪ್‌ಗಳೋ, ಮೂಡಲ್‌ನಲ್ಲೇ ಬರೆದವೋ, ಬರೀ ಪಿಡಿಎಫ್‌ಗಳೋ ಎಂಬುದನ್ನು ಪ್ರಶ್ನೆಯಲ್ಲಿ ಹೇಳಿಲ್ಲ. ಅದನ್ನು ಕೆಳಗೆ ಬರೆಯಿರಿ. ಪಿಡಿಎಫ್‌ಗಳೇ ಆಗಿದ್ದರೆ, ಅದರಲ್ಲೂ ಸ್ಕ್ಯಾನ್ ಮಾಡಿದವಾಗಿದ್ದರೆ, ಮೇಲೆ ಹೇಳಿದ ನಾಲ್ಕು ಶನಿವಾರಕ್ಕೆ ಇನ್ನೂ ಎಂಟು ಸೇರಿಸಿಕೊಳ್ಳಿ.